ಎರಡೂ ಕದ

ನಮ್ಮವ್ವನಿಗೆ ಆ ಮನೆ ಮೇಲಿನಿಂದಷ್ಟೇ ಗೊತ್ತಿತ್ತು. ಟಿಕೋಟಾದ ಹಳೆಯ ಓಣಿಯಲ್ಲಿ ಧಣಿಗಳ ವಾಡೆ ಯಾವುದು ಎಂದು ಕೇಳಿದರೆ ಇವತ್ತಿಗೂ ಯಾರಾದರೂ ಕೈಮಾಡಿ ತೋರಿಸುತ್ತಾರೆ. ಅದರ ಎತ್ತರದ ಮುಂಬಾಗಿಲನ್ನು ದಾಟುವ ಹಕ್ಕು ನಮ್ಮ ಕೇರಿಯವರಿಗೆ ಇರಲಿಲ್ಲ. ಮಾಳಿಗೆ ಹತ್ತುವ ಹಕ್ಕು ಮಾತ್ರ ಇತ್ತು. ಹಕ್ಕು ಅಂದೆನೇ? ಅಲ್ಲ, ಅದು ಕೆಲಸ.

ನಮ್ಮ ಕಡೆಯ ಹಳೆಯ ಮನೆಗಳ ಮಾಳಿಗೆ ಮಣ್ಣಿನದು. ಪ್ರತಿವರ್ಷ ಮಳೆಗಾಲಕ್ಕೆ ಮುಂಚೆ ಹಳ್ಳದ ಕಡೆಯಿಂದ ಸವಳು ಮಣ್ಣು ತಂದು ಮೇಲೆ ಹರವಿ, ನೀರು ಚಿಮುಕಿಸಿ, ತುಳಿದು, ಬಡಿದು ಗಟ್ಟಿ ಮಾಡಬೇಕು. ಇಲ್ಲವಾದರೆ ಮೊದಲ ಮಳೆಗೇ ಒಳಗೆ ಬೋಗುಣಿ ಇಡುವ ಪಾಳಿ ಬರುತ್ತದೆ. ಧಣಿಗಳ ವಾಡೆಗೆ ಆ ಮಣ್ಣು ಹೊರುತ್ತಿದ್ದವರು ನಮ್ಮ ಅಜ್ಜಿ ಮತ್ತು ಆಗಿನ್ನೂ ಲಂಗ ಉಡುತ್ತಿದ್ದ ನಮ್ಮವ್ವ. ಹಿತ್ತಲ ಸಂದಿಯಲ್ಲಿ ಏಣಿ ಹಚ್ಚಿ ಹತ್ತಬೇಕು, ಏಣಿಯಿಂದಲೇ ಇಳಿಯಬೇಕು. ಮನೆಯೊಳಗೆ ಮಾಳಿಗೆಗೆ ಒಳ್ಳೆಯ ಕಲ್ಲಿನ ಮೆಟ್ಟಿಲುಗಳಿದ್ದವು, ಅವು ಮನೆಯವರಿಗೆ. ನಾವು ಅವರ ನೆತ್ತಿಯ ಮೇಲೆ ತುಳಿದಾಡಿದರೆ ನಡೆಯುತ್ತಿತ್ತು, ಹೊಸ್ತಿಲು ತುಳಿದರೆ ನಡೆಯುತ್ತಿರಲಿಲ್ಲ. ಹೈಸ್ಕೂಲಿನಲ್ಲಿ ನಾನು ಕಲಿಸುವುದು ಗಣಿತ. ಆದರೂ ಈ ಲೆಕ್ಕ ಮಾತ್ರ ನನಗೆ ಈವರೆಗೆ ಬಿಡಿಸಲು ಬಂದಿಲ್ಲ.

ಅಡುಗೆಮನೆಯ ಮೇಲೆ ಒಂದು ಬೆಳಕಿಂಡಿ ಇತ್ತು. ಹೊಗೆ ಹೋಗಲಿ, ಬೆಳಕು ಬರಲಿ ಎಂದು ಮಾಳಿಗೆಯಲ್ಲಿ ಬಿಟ್ಟ ಚೌಕದ ಕಿಂಡಿ ಅದು, ಸರಿಯಾಗಿ ಒಲೆಯ ನೆತ್ತಿಗೆ. ಮಣ್ಣು ಹಾಕುವವರು ಅದರ ಹತ್ತಿರ ಹೋಗುವ ಮೊದಲು ಗಟ್ಟಿಯಾಗಿ ಕೂಗಿ ಹೇಳಿ, ಅದರ ಮೇಲೆ ಹಲಗೆ ಎಳೆದುಕೊಳ್ಳಬೇಕಾಗಿತ್ತು. ಏಕೆಂದರೆ ನಮ್ಮ ನೆರಳು ಒಲೆಯ ಮೇಲೆ ಬೀಳಬಾರದು. ಬಿದ್ದರೆ ಹಾಲು ಒಡೆಯುತ್ತದಂತೆ.

ಒಂದು ವರ್ಷ ಹಾಲು ಒಡೆದೇ ಬಿಟ್ಟಿತು. ಬಿಜಾಪುರದ ಬೇಸಿಗೆ, ಹಿಂದಿನ ದಿನ ಕರೆದ ಹಾಲು, ಒಡೆಯದೆ ಮತ್ತೇನು ಮಾಡೀತು? ಹಲಗೆ ಎಳೆದೇ ಇತ್ತೆಂದು ಅವ್ವ ಈಗಲೂ ಆಣೆ ಮಾಡುತ್ತಾಳೆ. ಆದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಆ ದಿನ ಮಧ್ಯಾಹ್ನದ ರೊಟ್ಟಿ ಕೊಡಲಿಲ್ಲ. ಅಜ್ಜಿಯನ್ನು ಮುಂಬಾಗಿಲಿಗೆ ಬರಹೇಳಿದರು. ಆ ದೊಡ್ಡ ಬಾಗಿಲಿನ ಒಂದು ಕದದಲ್ಲಿ ಇನ್ನೊಂದು ಸಣ್ಣ ಬಾಗಿಲು ಕೊರೆದಿದೆ, ಒಬ್ಬರು ಬಗ್ಗಿ ಹೋಗುವಷ್ಟು. ಅದಕ್ಕೆ ದಿಂಡಿ ಎನ್ನುತ್ತಾರೆ. ಆ ದಿಂಡಿ ತೆರೆಯಿತು, ಮನೆಯ ಯಜಮಾನಿಯ ಮುಖ ಕಾಣಿಸಿತು, ಅಜ್ಜಿ ತಲೆ ತಗ್ಗಿಸಿ ತಪ್ಪಾಯಿತು ಅಂದಳು, ದಿಂಡಿ ಮುಚ್ಚಿತು. ಹಸಿದ ಅವ್ವ ಅಜ್ಜಿಯ ಸೆರಗಿನ ಹಿಂದೆ ನಿಂತು ಇದನ್ನೆಲ್ಲ ನೋಡಿದ್ದಳು.

ಈ ಕಥೆಯನ್ನು ಅವ್ವ ಅಳುತ್ತಾ ಹೇಳಿದ್ದು ನನಗೆ ನೆನಪಿಲ್ಲ. ಸಿಟ್ಟಿನಿಂದಲೇ ಹೇಳುತ್ತಿದ್ದಳು, ರೊಟ್ಟಿ ಬಡಿಯುತ್ತಾ. ಹೇಳುವಾಗ ಅವಳ ರೊಟ್ಟಿ ತೆಳ್ಳಗಾಗುತ್ತಿದ್ದವು.

ಅಪ್ಪ ತೀರಿಕೊಂಡ ಮೇಲೆ ಅವ್ವ ವಿಜಯಪುರದ ಜಲನಗರದಲ್ಲಿ ನನ್ನ ಜೊತೆಗಿದ್ದಾಳೆ. ವಾಡೆಯ ಧಣಿಗಳು ಅದಕ್ಕೂ ಮೊದಲೇ ಊರು ಬಿಟ್ಟಿದ್ದರು. ಮೊಮ್ಮಗ ಜೋರಾಪುರ ಪೇಟೆಯಲ್ಲಿ ಅಂಗಡಿ ಇಟ್ಟು, ಶಹರದಲ್ಲೇ ಬಂಗಲೆ ಕಟ್ಟಿಸಿದ್ದ. ವಾಡೆಗೆ ಬೀಗ ಬಿದ್ದು ಎಷ್ಟೋ ಮಳೆಗಾಲ ಕಳೆದಿದ್ದವು. ಅದನ್ನು ಮಾರುತ್ತಾರೆ ಎಂಬ ಸುದ್ದಿ ತಂದವನು ಟಿಕೋಟಾದಲ್ಲೇ ಇರುವ ನನ್ನ ಸೋದರಮಾವ. ಅವನು ಸುದ್ದಿಯೆಂದು ತಂದಿದ್ದ, ನಾನು ಅದನ್ನು ಕೆಲಸವೆಂದು ಹಿಡಿದೆ. ಕೊಂಡೆ. ಹೇಗೆ ಕೊಂಡೆ ಎಂಬುದು ನನಗೂ ನನ್ನ ಪಗಾರಕ್ಕೂ ಬಿಟ್ಟ ವಿಷಯ. ಯಾಕೆ ಕೊಂಡೆ ಎಂದು ಊರಿನವರು ಕೇಳಿದಾಗಲೆಲ್ಲ ನನಗೆ ಪಿತ್ತ ನೆತ್ತಿಗೇರುತ್ತಿತ್ತು. ಬೇರೆಯವರು ಮನೆ ಕೊಂಡಾಗ ಯಾರೂ ಯಾಕೆ ಎಂದು ಕೇಳುವುದಿಲ್ಲ.

ಬೀಗ ತೆಗೆದು ಮೊದಲ ಸಲ ಒಳಗೆ ಹೋದದ್ದು ನಾನೊಬ್ಬಳೇ. ದಿಂಡಿಯಿಂದ ಬಗ್ಗಿ ಹೋದೆ, ಏಕೆಂದರೆ ದೊಡ್ಡ ಕದಗಳು ಎಷ್ಟು ತಳ್ಳಿದರೂ ಕದಲಲಿಲ್ಲ. ಒಳಗೆ ಕಣ್ಣು ಹೊಂದಿಕೊಂಡ ಮೇಲೆ ನಿಂತಲ್ಲೇ ನಿಂತೆ. ಪಡಸಾಲೆಯ ತುಂಬ ಸಾಗವಾನಿ ಕಂಬಗಳು. ಪ್ರತಿ ಕಂಬದ ತಲೆಗೆ ಎರಡೂ ಕಡೆ ಚಾಚಿದ ಬೋದಿಗೆ, ಬೋದಿಗೆಯ ಮೇಲೆ ಮೈತುಂಬಿದ ತೊಲೆ, ತೊಲೆಯ ಮೇಲೆ ಸಾಲಾಗಿ ಬೇವಿನ ಜಂತಿ, ಜಂತಿಯ ಮೇಲೆ ಹಲಗೆ, ಅದರ ಮೇಲೆ ನಮ್ಮವರು ಹೊತ್ತ ಮಣ್ಣು. ಎಲ್ಲಿಯೂ ಒಂದು ಮೊಳೆ ಕಾಣಲಿಲ್ಲ. ಕಟ್ಟಿಗೆಯನ್ನು ಕಟ್ಟಿಗೆಯಲ್ಲೇ ಕೂರಿಸಿ ಕಟ್ಟಿಗೆಯ ಬೆಣೆ ಹೊಡೆದಿದ್ದರು. ಹಿಂದಿನ ಗೋಡೆ ಒಂದು ಕಡೆ ಕುಸಿದು ಹಿತ್ತಲಿನ ಬೇವಿನ ಮರ ಕಾಣುತ್ತಿತ್ತು, ಆದರೆ ಅದರ ಮೇಲಿನ ಮಾಳಿಗೆ ಹಾಗೇ ಇತ್ತು. ಗೋಡೆಯೊಳಗೂ ಕಂಬ ಹುದುಗಿಸಿದ್ದರು. ಆ ಮನೆಯಲ್ಲಿ ಗೋಡೆ ಬರೀ ಮರೆಗೆ, ಭಾರ ಹೊರುವುದೆಲ್ಲ ಕಟ್ಟಿಗೆ.

ಸಂಜೆ ಅವ್ವನ ಮುಂದೆ ಇದನ್ನೆಲ್ಲ ವರ್ಣಿಸಿದರೆ ಅವಳು ಕೈ ಝಾಡಿಸಿದಳು.

“ಅದೇನ್ ಹೇಳ್ತಿ ನನಗ? ಜಂತಿ ಎಲ್ಲೆಲ್ಲಿ ಅದಾವ ಅಂತ ನನ್ನ ಕಾಲಿಗೆ ಗೊತ್ತೈತಿ. ಜಂತಿ ಮ್ಯಾಲ ತುಳದ್ರ ಗಟ್ಟಿ, ನಡುವ ತುಳದ್ರ ಮೆತ್ತಗ. ಒಳಗಿಂದ ಹೆಂಗ ಕಾಣತೈತಿ ಅದನ್ನಷ್ಟ ಹೇಳು.”

ಆ ವಾರವೇ ಧಣಿಗಳ ಮೊಮ್ಮಗನ ಫೋನು ಬಂತು. ಮಾತು ಬಹಳ ಮೆತ್ತಗಿತ್ತು.

“ಟೀಚರ್ರ, ಮುಂಬಾಗಲಾ ಒಂದ ನಾವ್ ಒಯ್ತೇವ್ರಿ. ಅದು ನಮ್ಮ ಮನಿತನದ್ದು. ಹೊಸಾ ಮನಿ ಹಾಲ್‌ನಾಗ ಗ್ವಾಡಿಗೆ ನಿಲ್ಲಸಾವ್ರ ಅದೇವಿ. ನೀವಂತೂ ಕೆಡವಿ ಸ್ಲ್ಯಾಬ್ ಹಾಕಾವ್ರು.”

“ಕೆಡವತೀನಂತ ನಿಮಗ ಯಾರ ಹೇಳ್ಯಾರ್ರಿ?”

“ಮತ್ತ ಏನ್ ಮಾಡ್ತೀರಿ?”

“ಇರತೀನ್ರಿ. ಮನಿ ಇರಾಕ ಅಲ್ಲೇನ್ರಿ?”

ಆಮೇಲೆ ಮಾತಾಡೋಣ ಎಂದು ಅವನು ಫೋನು ಇಟ್ಟ. ಅವನಿಗೆ ಅಷ್ಟು ಸಹಜವಾಗಿ ಅನಿಸಿತ್ತಲ್ಲ, ಮನೆಯನ್ನು ನಮಗೆ ಕೊಟ್ಟು ಬಾಗಿಲನ್ನು ತನ್ನ ಹತ್ತಿರವೇ ಇಟ್ಟುಕೊಳ್ಳಬಹುದು ಎಂದು! ನಮ್ಮ ಅಜ್ಜಿ ತಲೆ ತಗ್ಗಿಸಿ ನಿಂತಿದ್ದು ಬೇರೆ ಯಾವ ಕಟ್ಟಿಗೆಯ ಮುಂದೂ ಅಲ್ಲ, ಅದೇ ಬಾಗಿಲಿನ ಮುಂದೆ. ಗೋಡೆ ಬೇಕಾದರೆ ಒಯ್ಯಲಿ, ಬಾಗಿಲು ಮಾತ್ರ ಕೊಡುವುದಿಲ್ಲ ಎಂದು ಆಗಲೇ ನಿರ್ಧರಿಸಿದೆ.

ನಮ್ಮವರು ಕೂಡ ನನ್ನ ಕಡೆ ಇರಲಿಲ್ಲ. ಸೋದರಮಾವ ಜಲನಗರಕ್ಕೆ ಬಂದು, ಚಹಾ ಮುಟ್ಟದೆ, ಒಂದೇ ಸಮನೆ ಬೈದ.

“ಗುಲಾಮಗಿರಿ ಗುರುತದು! ನಮ್ಮವ್ವ ಅದರ ಮುಂದ ನಿಂತು ತಪ್ಪಾತು ಅಂದಾಳ. ಅಂಥಾದ್ರಾಗ ನೀ ಹೋಗಿ ಸಂಸಾರ ಹೂಡ್ತಿ? ಜೆಸಿಬಿ ತರಸು. ಒಂದ ದಿನದಾಗ ಬಯಲ ಮಾಡಸು.”

ಅವನ ಮಾತಿನಲ್ಲಿ ತೂಕವಿತ್ತು. ಅಷ್ಟರಲ್ಲಿ ಅವ್ವ ಒಳಗಿನಿಂದ ಬಂದಳು.

“ಲೇ, ಆ ಮ್ಯಾಳಿಗಿಗೆ ಮಣ್ಣ ಹೊತ್ತಾಕಿ ನಾನು, ನೀ ಅಲ್ಲ. ಅವ್ವನ ತಲಿ ಕೂದಲ ಉದುರಿದ್ದು ಬುಟ್ಟಿ ಹೊತ್ತು. ಅವರು ಕೂತ ಉಂಡಾರ, ನಾವು ಹೊತ್ತೇವಿ. ಯಾರ ಮನಿ ಅದು? ಕೆಡವಾಕ ನೀ ಯಾವಾಂವ?”

“ಹಂಗಾರ ಹೋಗಿ ಇರ ಯಕ್ಕಾ, ಯಾರ ಬ್ಯಾಡ ಅಂದಾರ?”

“ಇರತೀನಿ. ಆದ್ರ ಬಗ್ಗಿ ಒಳಗ ಹೋಗಂಗಿಲ್ಲ. ಆ ದಿಂಡಿ ನನಗ ಬ್ಯಾಡ. ಎರಡೂ ಕದಾ ತಗದ ದಿವಸ ಹೋಗತೀನಿ, ನೆಟ್ಟಗ.”

ಮಾವ ಆರಿದ ಚಹಾ ಕುಡಿದು ಎದ್ದ. ಅವ್ವ ಒಮ್ಮೆ ಹೇಳಿದಳೆಂದರೆ ಮುಗಿಯಿತು. ಮಂಡಿನೋವಿದೆ, ಬಿಪಿ ಇದೆ, ಕಣ್ಣಿಗೆ ಪೊರೆ ಬಂದಿದೆ. ಮಾತು ತಪ್ಪುವ ರೋಗ ಮಾತ್ರ ಇಲ್ಲ.

ಆದರೆ ಎರಡೂ ಕದ ಯಾಕೆ ತೆರೆಯುತ್ತಿಲ್ಲ? ಓಣಿಯ ಮುದುಕರನ್ನು ಕೇಳಿದಾಗ ಗೊತ್ತಾಗಿ ನನಗೆ ನಗು ತಡೆಯಲಾಗಲಿಲ್ಲ. ಧಣಿಗಳು ಊರು ಬಿಡುವ ಮುಂಚೆ ಮಗನ ಮದುವೆಗೆಂದು ಪಡಸಾಲೆಗೆಲ್ಲ ಮಿರಿಮಿರಿ ಟೈಲ್ಸ್ ಹಾಕಿಸಿದ್ದರಂತೆ. ಹಳೆಯ ಕಲ್ಲಿನ ನೆಲ ಕೀಳಿಸಿದರೆ ಮದುವೆಯೊಳಗೆ ಕೆಲಸ ಮುಗಿಯುವುದಿಲ್ಲವೆಂದು ಅದರ ಮೇಲೆಯೇ ಉಸುಕು, ಸಿಮೆಂಟು ಸುರಿದು ಟೈಲ್ಸ್ ಕೂರಿಸಿದರು. ನೆಲ ಮೇಲೆದ್ದಿತು. ಒಳಮುಖವಾಗಿ ತೆರೆಯುವ ಕದಗಳು ಟೈಲ್ಸಿಗೆ ತಾಗಿ ನಿಂತುಬಿಟ್ಟವು. ಕದದ ಅಡಿಯನ್ನು ಕೊಯ್ಯಿಸುವುದು ಅಪಶಕುನ, ಹೊಸ ಟೈಲ್ಸ್ ಒಡೆಸುವುದು ಅಪಮಾನ. ಹಾಗಾಗಿ ಊರನ್ನೇ ಹೊರಗೆ ನಿಲ್ಲಿಸಿದ ಆ ಮನೆತನ, ಮದುಮಕ್ಕಳೂ ಸೇರಿ, ಅಲ್ಲಿಂದ ಮುಂದೆ ದಿಂಡಿಯಿಂದ ಬಗ್ಗಿಯೇ ಓಡಾಡಿತು. ಕೇಳಿದವರಿಗೆ, ದೊಡ್ಡ ಬಾಗಿಲು ಹಬ್ಬಕ್ಕಷ್ಟೇ ತೆಗೆಯುವುದು ಎನ್ನುತ್ತಿದ್ದರಂತೆ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

ಅವ್ವನಿಗೆ ಹೇಳಿದಾಗ ಅವಳು ಕಣ್ಣಲ್ಲಿ ನೀರು ಬರುವ ತನಕ ನಕ್ಕಳು.

ರಜೆಯ ಒಂದು ಮುಂಜಾನೆ ಮಾವನ ಫೋನು. ವಾಡೆಯ ಮುಂದೆ ಟೆಂಪೊ ನಿಂತಿದೆ, ಧಣಿಗಳ ಮೊಮ್ಮಗ ಆಳುಗಳನ್ನು ಕರೆದುಕೊಂಡು ಬಂದಿದ್ದಾನೆ, ಬಾಗಿಲು ಕೀಳುತ್ತಾರಂತೆ. ಅವ್ವ ಚಪ್ಪಲಿ ಮೆಟ್ಟಿಯೇ ಬಿಟ್ಟಿದ್ದಳು. ಆಟೋದವನಿಗೆ ದಾರಿಯುದ್ದಕ್ಕೂ, ಜೋರ ಹೊಡಿಯೋ ಯಪ್ಪಾ, ಎನ್ನುತ್ತಲೇ ಇದ್ದಳು. ರಸ್ತೆಯ ಎರಡೂ ಬದಿ ದ್ರಾಕ್ಷಿ ಒಣಗಿಸುವ ಶೆಡ್ಡುಗಳು ಹಿಂದೆ ಸರಿಯುತ್ತಿದ್ದವು, ನನಗೆ ಒಂದೂ ಕಾಣಿಸಲಿಲ್ಲ.

ನಾವು ಹೋದಾಗ ಬಡಿಗ ಚೌಕಟ್ಟಿಗೆ ಏಣಿ ಹಚ್ಚಿ ಮೇಲೆ ನಿಂತಿದ್ದ. ಬಬಲೇಶ್ವರದಿಂದ ಕರೆಸಿದ ಗಿಡ್ಡನೆಯ ಮನುಷ್ಯ. ಉಳಿ ಕೈಯಲ್ಲೇ ಇತ್ತು, ಹೊಡೆದಿರಲಿಲ್ಲ. ಧಣಿಗಳ ಮೊಮ್ಮಗ ಕೆಳಗೆ ನಿಂತು ಅವಸರ ಮಾಡುತ್ತಿದ್ದ.

“ಆಗಂಗಿಲ್ರಿ ಧಣ್ಯಾರ,” ಎಂದ ಬಡಿಗ. “ಇದು ಬರೇ ಚೌಕಟ್ಟ ಅಲ್ರಿ. ಮುಂದಿನ ತೊಲಿ ಇದರ ಮ್ಯಾಲ ಕುಂತೈತಿ. ಇದನ್ನ ತಗದ್ರ ಪಡಸಾಲಿನೇ ಇಳೀತೈತ್ರಿ.”

“ಇಳೀಲಿ ಬಿಡೋ. ಹೆಂಗೂ ಅದು ಹಾಳಬಿದ್ದೈತಿ. ಒಳಗ ಬಾಜೂಕಿನ ಕಂಬದ ಕಾಲ ಯಾವಾಗೋ ಕೊಳತೈತಿ.”

ನಾನು ಏಣಿಯ ಪಕ್ಕದಿಂದ ನುಗ್ಗಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ಏನೇನು ಕೂಗಾಡಿದೆನೋ ಪೂರ್ತಿ ನೆನಪಿಲ್ಲ. ಪೊಲೀಸರನ್ನು ಕರೆಯುತ್ತೇನೆ ಅಂದೆ, ಪತ್ರ ನನ್ನ ಹೆಸರಿನಲ್ಲಿದೆ ಅಂದೆ, ತರಗತಿಯಲ್ಲಿ ಗಲಾಟೆ ಮಾಡುವ ಹುಡುಗರಿಗೆ ಅನ್ನುವುದನ್ನೆಲ್ಲ ಅಂದೆ. ಅವನೂ ಬಿಡಲಿಲ್ಲ. ಇದು ನಮ್ಮ ಹಿರಿಯರು ಮುಟ್ಟಿದ ಬಾಗಿಲು, ನಿಮಗೆ ಅದರ ಬೆಲೆ ಗೊತ್ತಿಲ್ಲ ಎಂದ. ಓಣಿಯ ಜನವೆಲ್ಲ ಸೇರಿತು.

ಆಗ ಅವ್ವ, ಜನರ ನಡುವೆ ನಿಂತವಳು, ಅವನ ಎದುರಿಗೆ ಬಂದಳು. ದನಿ ಏರಿಸಲಿಲ್ಲ.

“ಸಣ್ಣ ಧಣ್ಯಾರ, ಒಯ್ರಿ. ಆದ್ರ ಈ ಬಾಗಲಾದ ಕೂಡ ನನ್ನೂ ಒಯ್ಯಬೇಕಾಕ್ಕೈತಿ. ಇದರ ಮುಂದ ನಿಂತು ನಿಂತು ನಾನೂ ಇದರ ಸಾಮಾನ ಆಗೇನಿ. ಒಂದ ಮಾತ ಹೇಳ್ರಿ. ಹೊಸಾ ಮನ್ಯಾಗ ನನ್ನ ಎಲ್ಲಿ ನಿಲ್ಲಸ್ತೀರಿ? ಬಾಗಲಾದ ಒಳಗೋ, ಹೊರಗೋ?”

ಜನ ಅವನ ಬಾಯಿಯನ್ನೇ ನೋಡುತ್ತಿದ್ದರು. ಒಳಗೆ ಎಂದರೆ ಅವನಜ್ಜಿ ಮಾಡಿದ್ದು ತಪ್ಪೆಂದಾಗುತ್ತಿತ್ತು, ಹೊರಗೆ ಎನ್ನಲು ಈಗಿನ ಕಾಲದಲ್ಲಿ ಧೈರ್ಯ ಬೇಕಾಗುತ್ತಿತ್ತು. ಕಾರಿನ ಕೀಲಿಯನ್ನು ಬೆರಳಿನಲ್ಲಿ ಎರಡು ಸುತ್ತು ತಿರುಗಿಸಿ, ಇಟಗೊಳ್ರಿ, ಹಳೇ ಕಟಗಿ, ಎಂದು ಹೇಳಿ ಹೊರಟುಹೋದ. ಟೆಂಪೊ ಖಾಲಿ ಹೋಯಿತು.

ಬಡಿಗ ಏಣಿಯಿಂದ ಇಳಿದು ಅವ್ವನ ಕಡೆ ತಿರುಗಿದ. “ಬಂದದ್ದಂತೂ ಬಂದೇನಿ ಯವ್ವಾ. ಕೆಲಸಾ ಇದ್ರ ಹೇಳ್ರಿ.”

“ಐತಿ,” ಎಂದಳು ಅವ್ವ. “ಕೀಳೂದ ಅಲ್ಲ, ಬಾಗಲಾ ತಗಿಯೂದು.”

ಟೈಲ್ಸ್ ಒಡೆಯುವ ಕೆಲಸವನ್ನು ಸೋದರಮಾವ ಯಾರಿಗೂ ಬಿಟ್ಟುಕೊಡಲಿಲ್ಲ. ಜೆಸಿಬಿ ಬೇಕೆಂದವನು ಸುತ್ತಿಗೆಯಲ್ಲೇ ತೃಪ್ತಿಪಟ್ಟ. ಒಂದೊಂದು ಏಟಿಗೂ ಒಂದೊಂದು ಬೈಗುಳ, ಕೆಲವನ್ನು ನಾನು ಅದೇ ಮೊದಲ ಸಲ ಕೇಳಿದ್ದು. ಟೈಲ್ಸ್, ಸಿಮೆಂಟು ಎದ್ದ ಮೇಲೆ ಹಳೆಯ ಕಲ್ಲಿನ ನೆಲ ಹೊರಬಂತು, ಅದರೊಂದಿಗೆ ಪ್ರತಿ ಕಂಬದ ಕೆಳಗೂ ಒಂದು ದುಂಡನೆಯ ಕಲ್ಲು. ಕಟ್ಟಿಗೆಗೆ ನೆಲದ ತೇವ ತಾಗಬಾರದೆಂದು, ಗೆದ್ದಲು ಹತ್ತಬಾರದೆಂದು, ಕಟ್ಟಿದವರು ಕಂಬಗಳನ್ನು ಕಲ್ಲಿನ ಮೇಲೆ ಎತ್ತಿ ನಿಲ್ಲಿಸಿದ್ದರು. ಟೈಲ್ಸ್ ಆ ಕಲ್ಲುಗಳನ್ನೇ ಹೂತುಹಾಕಿತ್ತು. ನೆಲ ತೊಳೆದ ನೀರು ಕಂಬದ ಬುಡಕ್ಕೆ ಇಳಿದು ಬಾಗಿಲ ಪಕ್ಕದ ಕಂಬದ ಕಾಲು ಕೊಳೆತಿದ್ದು ಹಾಗೆ.

“ಕಾಲ ಕೊಳತೈತಿ,” ಎಂದು ಬಡಿಗ ಕಂಬವನ್ನು ತಟ್ಟಿ ನೋಡಿದ, “ಮ್ಯಾಲ ಹೆಗಲ ಗಟ್ಟಿ ಐತಿ.”

ತೊಲೆಗೆ ಆಸರೆ ಕೊಟ್ಟು, ಕೊಳೆತಷ್ಟನ್ನೇ ಕೊಯ್ದು, ಕೆಳಗೆ ಎತ್ತರದ ಕಲ್ಲು ಕೊಡುವುದೆಂದಾಯಿತು. ಎಂಥ ಕಲ್ಲು ಎಂಬ ಮಾತು ಬಂದಾಗ ಮಾವನಿಗೆ ಹುರುಪು ಬಂತು. ಬಾಗಿಲ ಹೊರಗೆ ಒಂದು ಕಲ್ಲಿದೆ, ಧಣಿಗಳು ಕರೆಯುವ ತನಕ ನಮ್ಮ ಅಜ್ಜ ಕಾಯುತ್ತಾ ಕೂರುತ್ತಿದ್ದದ್ದು. ಅದನ್ನೇ ತಂದು ಕಂಬದ ಕೆಳಗೆ ಇಡೋಣ ಎಂದ. ನನಗೂ ಸರಿಯೆನಿಸಿತು. ಅವ್ವ ಒಪ್ಪಲಿಲ್ಲ.

“ಅದು ಹೊರಗ ಇರಲಿ. ನಾಳಿ ಸಣ್ಣ ಧಣ್ಯಾರ ಬಂದ್ರ ಕೂಡ್ರಾಕ ಬೇಕಲ್ಲ.”

ಬಡಿಗ ನಗುತ್ತಾ ಉಳಿ ಕೆಳಗಿಟ್ಟ. ಆ ಕಲ್ಲು ಈಗಲೂ ಅಲ್ಲೇ ಇದೆ.

ಕದಗಳ ತಿರುಗುಣಿಗೆ ಬಡಿಗ ಎಣ್ಣೆ ಬಿಟ್ಟ. ಮಾವ ಒಂದು ಕದ ಹಿಡಿದ, ನಾನು ಇನ್ನೊಂದು. ಜಗ್ಗಿದೆವು. ಮೊದಲು ಬರೀ ನರಳಿತು. ಆಮೇಲೆ ಎರಡೂ ಕದ ಒಟ್ಟಿಗೆ ಒಳಗೆ ಸರಿದವು, ಓಣಿಯ ಬಿಸಿಲೆಲ್ಲ ಪಡಸಾಲೆಗೆ ಬಂದು ಬಿತ್ತು. ಹೊರಗೆ ಅವ್ವ ಬಿಳಿ ಸೀರೆ ಉಟ್ಟು ನಿಂತಿದ್ದಳು. ಮಂಡಿನೋವಿಗೆ ಅವಳು ಮನೆಯಲ್ಲಿ ಸ್ವಲ್ಪ ಬಾಗಿಯೇ ನಡೆಯುತ್ತಾಳೆ. ಅವತ್ತು ಸೊಂಟಕ್ಕೆ ಕೈ ಕೊಟ್ಟು ಬೆನ್ನು ನೆಟ್ಟಗೆ ಮಾಡಿಕೊಂಡು, ಹೊಸ್ತಿಲ ಮೇಲೆ ಬೇಕೆಂದೇ ಕಾಲಿಟ್ಟು, ಒತ್ತಿ ತುಳಿದು ಒಳಗೆ ಬಂದಳು. ನನಗೆ ಅಳು ಬಂತು. ಅವಳು ನನ್ನ ಕಡೆ ನೋಡಲೂ ಇಲ್ಲ, ತಲೆ ಎತ್ತಿ ಜಂತಿಗಳನ್ನು ನೋಡುತ್ತಿದ್ದಳು.

“ಒಳಗಿಂದ ಹಿಂಗ ಕಾಣತಾವೇನು,” ಎಂದಳು.

ಹೋಮ, ಗೀಮ ಏನೂ ಇರಲಿಲ್ಲ. ಪಡಸಾಲೆಯ ಗೂಡಿನಲ್ಲಿ ಬುದ್ಧನ ಮೂರ್ತಿ ಇಟ್ಟು ಮೇಣಬತ್ತಿ ಹಚ್ಚಿ ವಂದನೆ ಹೇಳಿದೆವು. ಅದಾದ ಕೂಡಲೇ ಅವ್ವ ಅಡುಗೆಮನೆಗೆ ಹೋದಳು. ಹಳೆಯ ಒಲೆಯನ್ನು ಹಿಂದಿನ ದಿನವೇ ಸಾರಿಸಿ ಇಟ್ಟಿದ್ದೆ. ಅವಳು ಒಲೆ ಹೊತ್ತಿಸಿ, ತಂದಿದ್ದ ಹಾಲನ್ನು ಪಾತೇಲಿಗೆ ಸುರಿದು ಮೇಲಿಟ್ಟಳು. ಮಾಳಿಗೆಯ ಮಣ್ಣು ಹಾಕುವ ದಿನಗಳವು, ನಡುಹಗಲು, ಸೂರ್ಯ ಸರಿಯಾಗಿ ನೆತ್ತಿಯ ಮೇಲಿದ್ದ. ಬೆಳಕಿಂಡಿಯಿಂದ ಚೌಕನೆಯ ಬಿಸಿಲು ಒಲೆಯ ಮೇಲೆ ಬಿದ್ದಿತ್ತು.

“ಮ್ಯಾಲ ಹೋಗು,” ಎಂದಳು.

“ಯಾಕಬೇ?”

“ಹೋಗಂದ್ರ ಹೋಗು. ಒಳಗಿನ ಮೆಟ್ಟಲಾ ಹತ್ತಿ ಹೋಗು.”

ಕಲ್ಲಿನ ಮೆಟ್ಟಿಲು ಹತ್ತಿ ಮಾಳಿಗೆಗೆ ಹೋದೆ. ಕಾಲು ಸುಡುತ್ತಿತ್ತು. ಜಂತಿ ಎಲ್ಲಿದೆ ಎಂದು ಕಾಲಲ್ಲೇ ಹುಡುಕುತ್ತಾ, ಗಟ್ಟಿ ಹತ್ತಿದಲ್ಲಿ ಹೆಜ್ಜೆ ಇಡುತ್ತಾ ಬೆಳಕಿಂಡಿಯ ಹತ್ತಿರ ಹೋದೆ. ಪಕ್ಕದಲ್ಲಿ ಹಳೆಯ ಹಲಗೆ ಬಿದ್ದಿತ್ತು, ತುದಿ ಮುರಿದಿತ್ತು. ಅದನ್ನು ಕಾಲಿನಿಂದ ಆಚೆ ಸರಿಸಿ, ಕಿಂಡಿಯ ಅಂಚಿಗೆ ನಿಂತು ಕೆಳಗೆ ಬಗ್ಗಿದೆ. ಕೆಳಗೆ ಅವ್ವ ಮುಖ ಮೇಲೆತ್ತಿ ಕುಳಿತಿದ್ದಳು. ನನ್ನ ನೆರಳು ಒಲೆಯ ಮೇಲೆ, ಪಾತೇಲಿಯ ಮೇಲೆ, ಅವಳ ಮೊಣಕೈಯ ಮೇಲೆ ಬಿದ್ದಿತು. ಏನು ಮಾಡಿದೆನೆಂದು ಆಗ ತಿಳಿದು, ಅಭ್ಯಾಸವಿಲ್ಲದಿದ್ದರೂ, ನನ್ನ ಕಾಲು ತಾನೇ ಹಿಂದೆ ಸರಿಯಲು ಹೋಯಿತು.

“ಸರೀಬ್ಯಾಡ!” ಎಂದು ಅವ್ವ ಕೆಳಗಿನಿಂದ ಗದರಿದಳು. “ಅಲ್ಲೇ ನಿಲ್ಲು.”

ನಿಂತೆ. ಹಾಲು ಕಾಯುವುದಕ್ಕೆ ಅಷ್ಟು ಹೊತ್ತು ಹಿಡಿಯುತ್ತದೆಂದು ನನಗೆ ಗೊತ್ತಿರಲಿಲ್ಲ. ಅಂಗಾಲು ಸುಟ್ಟರೂ ಅಲುಗಾಡಲಿಲ್ಲ. ಕೊನೆಗೆ ಹಾಲು ನನ್ನ ನೆರಳಿನಲ್ಲೇ ಬೆಳ್ಳಗೆ ಉಕ್ಕಿ ಬಂತು. ಅವ್ವ ಪಾತೇಲಿ ಇಳಿಸಿ, ಒಂದು ಸೌಟು ಎತ್ತಿ ಸುರಿದು, ಮತ್ತೆ ಎತ್ತಿ ಸುರಿದು, ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಆಮೇಲೆ, ತೆರೆದ ಎರಡೂ ಕದಗಳನ್ನು ದಾಟಿ ಓಣಿಯ ತನಕ ಕೇಳುವಂತೆ ಕೂಗಿದಳು.

“ಒಡದಿಲ್ಲ ನೋಡ್ರಿ! ಹಾಲ ಒಡದಿಲ್ಲ!”